ಪೆನ್ಸಿವ್ ಎಂಬ ಪದದ ಅರ್ಥ

ಬಾಗಲಕೋಟೆ ದಡನಗರ
ಕ್ರಿ.ಶ. ೨೩೧೪, ಹದಿಮೂರನೆಯ ತಿಂಗಳ ಆರನೆಯ ದಿನ

ಹಿಂದಿನ ಕಾಲದ ಹಿರಿಯರಿಗೆ ಗೌರಿಪ್ರಭಾಳ ನಮಸ್ಕಾರಗಳು.

ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಕನ್ನಡ ಅಲ್ಲಲ್ಲಿ ನಿಮ್ಮ ಕಿವಿಗೆ ಒಗ್ಗದಿದ್ದರೆ ಕ್ಷಮಿಸಿ. ನಾನು ಇಲ್ಲಿನ ಆರೈಕೆಮನೆಯ ಪದಪಾಲಕಿ. ಯಂತ್ರಗಳು ಬಳಸುವ ಪದಗಳಿಗೆ ಕನ್ನಡದ ಅರ್ಥ ಒದಗಿಸುವುದು ನನ್ನ ಕೆಲಸ.

ನಮ್ಮಲ್ಲಿ ಎಲ್ಲರ ಮುಂಗೈಗೂ ಮನಮಾಪಿ ಎಂಬ ತೆಳುವಾದ ಪಟ್ಟಿ ಇರುತ್ತದೆ. ನಾಡಿ ಮತ್ತು ಉಸಿರನ್ನು ಗಮನಿಸಿ ಮನಸ್ಸಿನ ಸ್ಥಿತಿಯನ್ನು ಅದು ಒಂದೇ ಪದದಲ್ಲಿ ಹೇಳುತ್ತದೆ. ಪದಗಳೆಲ್ಲ ಇಂಗ್ಲಿಷಿನವು, ನಿಮ್ಮ ಕಾಲದ ಬರಹಗಳಿಂದ ಕಲಿತವು. ರೊಟ್ಟಿ ಬಡಿಯುವಾಗ ನನ್ನ ಪಟ್ಟಿ 'ಕಾಮ್', ಅಂದರೆ ಶಾಂತ, ಎನ್ನುತ್ತದೆ. ದೋಣಿಬಸ್ಸು ತಪ್ಪಿದರೆ 'ಆಂಗ್ರಿ' ಎನ್ನುತ್ತದೆ. ಯಾರದಾದರೂ ಪಟ್ಟಿ ಕಾಯಿಲೆಯ ಪದ ಹೇಳಿದರೆ ಆರೈಕೆಮನೆಯವರು ಬಂದು ಸಮರಸ ಕುಡಿಸುತ್ತಾರೆ. ಅದು ಸಿಹಿಯಾದ ಔಷಧ. ದುಃಖ ಇಳಿಯುತ್ತದೆ, ದುಃಖಕ್ಕೆ ಕಾರಣವಾದ ನೆನಪೂ ಮಸುಕಾಗುತ್ತದೆ. ಎಷ್ಟೋ ಜನರನ್ನು ಅದು ಬದುಕಿಸಿದೆ, ನಾನು ಅದನ್ನು ಹಳಿಯುವುದಿಲ್ಲ.

ನನ್ನ ಚಿಕ್ಕಮ್ಮ, ನಾವು ಚಿಗವ್ವ ಎನ್ನುವ ನೀಲಾಂಬಿಕೆ, ಎಂಜಿನಿಯರ್. ಹೋದ ವರ್ಷ ಹಿನ್ನೀರಿನ ಮೇಲೆ ಅವಳು ಕಟ್ಟಿಸುತ್ತಿದ್ದ ತೂಗುದಾರಿಯ ಹಗ್ಗ ಗಾಳಿಗೆ ಹರಿದು, ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯ ಸಂಗಯ್ಯ ತೀರಿಕೊಂಡ. ಮಣ್ಣು ಮಾಡಿ ಬಂದ ಮರುದಿನದಿಂದ ಚಿಗವ್ವ ದಡದ ಕಲ್ಲಿನ ಮೇಲೆ ಕೂರತೊಡಗಿದಳು. ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಕರೆದರೆ ಓಗೊಡುತ್ತಿದ್ದಳು. ಉಳಿದ ಹೊತ್ತೆಲ್ಲ ನೀರಿನತ್ತ ನೋಡುತ್ತಿದ್ದಳು. ಮನಮಾಪಿ ದಿನವೂ 'ಪೆನ್ಸಿವ್' ಎಂದಿತು.

ಆ ಪದಕ್ಕೆ ಯಂತ್ರದಲ್ಲಿ ನನಗಿಂತ ಹಿಂದಿನ ಪದಪಾಲಕರು ಕೊಟ್ಟಿದ್ದ ಅರ್ಥ 'ಖಿನ್ನತೆ'. ಖಿನ್ನತೆಗೆ ಸಮರಸ ಕಡ್ಡಾಯ. ವೈದ್ಯ ಮಲ್ಲೇಶಪ್ಪನವರು ಬಟ್ಟಲು ಹಿಡಿದು ದಡಕ್ಕೆ ಬಂದರು. ಒಳ್ಳೆಯ ಮನುಷ್ಯ. ಅವರ ಅಣ್ಣ ಹೀಗೇ ಸುಮ್ಮನೆ ಕೂತಿರುತ್ತಿದ್ದವನು ಒಂದು ದಿನ ನೀರಿಗೆ ಹಾರಿದ್ದ. ಚಿಗವ್ವ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದಳು.

"ನನಗ ಜಡ್ಡಿಲ್ರಿ ಡಾಕ್ಟ್ರ. ದುಃಖ ಐತಿ, ಅದರ ಕೂಡ ವಿಚಾರನೂ ನಡದೈತಿ. ಹಗ್ಗ ಯಾಕ ಹರೀತು ಅಂತ ತಿಳೀಬೇಕು. ಸಂಗಯ್ಯನ್ನ ಮರತ್ರ ಅದನ್ನೂ ಮರೀತೀನಿ."

ಊರಸಭೆಯೇ ತೀರ್ಮಾನಿಸಲಿ ಎಂದು ವೈದ್ಯರು ಹಿಂದಿರುಗಿದರು. ಆ ವಾರ ನಾನು ನಿಮ್ಮ ಕಾಲದ ವಾಕ್ಯಗಳನ್ನು ಹುಡುಕಿ ಓದಿದೆ. ಪೆನ್ಸಿವ್ ಎಂದು ನೀವು ಬರೆದಲ್ಲಿ ಯಾರೋ ಕಿಟಕಿಯ ಬಳಿ ಕೂತಿದ್ದರು, ಯಾರೋ ಸುದ್ದಿ ಕೇಳಿ ಮಾತು ನಿಲ್ಲಿಸಿದ್ದರು. ಬೇಸರವಿತ್ತು ನಿಜ, ಆದರೆ ಒಳಗೆ ಯೋಚನೆ ಸಾಗುತ್ತಿತ್ತು. ಪದದ ಬೇರು ಲ್ಯಾಟಿನ್ನಿನಲ್ಲಿದೆ, ತೂಗಿ ನೋಡುವುದು ಎಂಬ ಅರ್ಥದಲ್ಲಿ. ಅದನ್ನೆಲ್ಲ ಸಭೆಗೆ ಓದಿ ಹೇಳಿದೆ.

ಮಲ್ಲೇಶಪ್ಪನವರು ಎದ್ದು ನಿಂತು, "ನಾಳೆ ಅಕ್ಕಾರು ನೀರಿಗೆ ಬಿದ್ರ ನಿಮ್ಮ ಅರ್ಥ ಕೈ ಹಿಡೀತೈತೇನ್ರಿ?" ಎಂದು ಕೇಳಿದರು.

ಸಭೆ ನನ್ನತ್ತ ತಿರುಗಿತು. ನಾನು ಅಂದೆ, "ಪದ ಕೈ ಹಿಡಿಯಂಗಿಲ್ರಿ. ಮಂದಿ ಹಿಡೀಬೇಕು. ಅಕೀ ಬಾಜೂಕ ನಾವು ಸರದಿ ಮ್ಯಾಲೆ ಕೂಡ್ತೀವಿ."

ಬಹಳ ಹೊತ್ತಿನ ಚರ್ಚೆಯ ನಂತರ ಸಭೆ ಒಪ್ಪಿತು. ಯಂತ್ರದಲ್ಲಿ ಈಗ ಹೀಗಿದೆ: 'ಪೆನ್ಸಿವ್: ಯೋಚನೆ ಬೆರೆತ ದುಃಖ. ಔಷಧಕ್ಕೆ ಮೊದಲು ಪಕ್ಕದಲ್ಲಿ ಕೂತು ಕೇಳಿರಿ.' ಮೊದಲ ಸರದಿಗೆ ಹೋದವರು ಮಲ್ಲೇಶಪ್ಪನವರೇ. ಅವರು ತಮ್ಮ ಅಣ್ಣನ ವಿಷಯ ಮಾತಾಡಿದರೆಂದು ಚಿಗವ್ವ ಆಮೇಲೆ ಹೇಳಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳಿಗೆ ಉತ್ತರ ಸಿಕ್ಕಿತು. ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಹಗ್ಗ ಕೊಂಡಿಗೆ ಉಜ್ಜಿ ಸವೆಯುತ್ತಿತ್ತು. ಕೊಂಡಿಯನ್ನು ಹೊಸದಾಗಿ ಮಾಡಿಸಿದಳು. ಈಗ ಆ ದಾರಿಯಲ್ಲಿ ಜನ ಓಡಾಡುತ್ತಿದ್ದಾರೆ. ಸಂಗಯ್ಯ ತೀರಿಕೊಂಡ ದುಃಖ ಮಾತ್ರ ಅವಳಲ್ಲಿ ಹಾಗೇ ಇದೆ, ಅದು ಹೋಗಲಿ ಎಂದು ಅವಳು ಕೇಳಿಯೂ ಇಲ್ಲ.

ಬೇರೆ ಊರುಗಳ ಯಂತ್ರಗಳಲ್ಲಿ ಇನ್ನೂ ಹಳೆಯ ಅರ್ಥವೇ ಇದೆ. ನಾಳೆ ನಾನು ವಿಜಯಪುರಕ್ಕೆ ಹೊರಡುತ್ತೇನೆ, ಅಲ್ಲಿಂದ ಕಲಬುರಗಿಗೆ. ಒಪ್ಪದವರ ಮುಂದೆ ಮತ್ತೆ ಮತ್ತೆ ನಿಲ್ಲುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನೀವು ಬರೆದದ್ದನ್ನೇ ನಮ್ಮ ಯಂತ್ರಗಳು ಕಲಿಯುತ್ತವೆ. ಸುಮ್ಮನೆ ಕೂತವರ ಬಗ್ಗೆ ಬರೆಯುವಾಗ, ಅವರು ಏನು ಯೋಚಿಸುತ್ತಿದ್ದರು ಎಂಬುದನ್ನೂ ಒಂದು ಸಾಲು ಬರೆಯಿರಿ. ಆ ಸಾಲು ಇಲ್ಲಿ ಯಾರಿಗೋ ಬೇಕಾಗುತ್ತದೆ.