ಲಾರಿ ತಾನಾ ಹೋಗಿತ್ತು

ಕಂಪ್ಲಿ,
೧೮-೧೧-೨೦೦೭, ಭಾನುವಾರ

ಪ್ರೀತಿಯ ತಮ್ಮ ಲಿಂಗರಾಜನಿಗೆ, ನಿನ್ನ ಅಕ್ಕ ತ್ರಿವೇಣಿಯ ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸಂಡೂರಿನ ಕೆಂಪು ದೂಳಿನಲ್ಲಿ ಮೂಗಿಗೊಂದು ಬಟ್ಟೆ ಕಟ್ಟಿಕೋ ಎಂದರೆ ಕೇಳುವವನೇ ನೀನು? ದೀಪಾವಳಿಗೆ ಬಂದಾಗ ಬಿಟ್ಟುಹೋದ ನಿನ್ನ ಬಿಳಿ ಅಂಗಿಯನ್ನು ಅವ್ವ ಮೂರು ಸಲ ಒಗೆದಳು. ಅದು ಬಿಳಿಯಾಗಲಿಲ್ಲ. "ಇನ್ಮ್ಯಾಲೆ ಇದು ಕೆಂಪಂಗಿನ ಬಿಡು" ಎಂದು ತೀರ್ಪು ಕೊಟ್ಟು ಮಡಚಿಟ್ಟಿದ್ದಾಳೆ. ಮೊಣಕಾಲು ನೋವೊಂದು ಬಿಟ್ಟರೆ ಅವ್ವ ಗಟ್ಟಿ. ಫೋನಿರುವಾಗ ಪತ್ರ ಯಾಕೆ ಎಂದು ನಗಬೇಡ. ಯಾವಾಗ ಫೋನ್ ಮಾಡಿದರೂ "ಅಕ್ಕಾ, ಗಾಡಿ ಓಡಸಾಕತ್ತೀನಿ, ಆಮ್ಯಾಲೆ ಮಾತಾಡೂಣು" ಎನ್ನುತ್ತೀಯ. ಪತ್ರವನ್ನಾದರೆ ಲಾರಿ ನಿಲ್ಲಿಸಿಯೇ ಓದಬೇಕು. ನಮ್ಮ ಓಣಿಯ ಎರ್ರೆಪ್ಪಣ್ಣ ಗೊತ್ತಲ್ಲ, ರೈಸ್ ಮಿಲ್ಲಿನ ಲಾರಿ ಓಡಿಸಿಕೊಂಡಿದ್ದವನು, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಜೊತೆಗಿರುವ ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮತ್ತು ಅವ್ವ ಹೊಲಿದ ಕೌದಿ ಇವೆ. ಕೌದಿ ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಸಂತೋಷದ ಸುದ್ದಿ. ನಿನ್ನೆ ಹೊಸಪೇಟೆಯಲ್ಲಿ ನಡೆದ ರಸಪ್ರಶ್ನೆಯಲ್ಲಿ ನಮ್ಮ ಮೆಟ್ರಿ ಶಾಲೆಗೆ ಮೊದಲ ಬಹುಮಾನ! ವಿಷಯ ಮೆದುಳು ಮತ್ತು ನರಮಂಡಲ. ಸುತ್ತೋಲೆ ಬಂದ ದಿನ ಹೆಡ್ ಮಾಸ್ಟರ್ ಜಡೆಪ್ಪ ಸರ್ ಮುಖ ಸಪ್ಪಗೆ ಮಾಡಿಕೊಂಡು, "ಹಳ್ಳಿ ಹುಡುಗ್ರಿಗೆ ಇದೆಲ್ಲಾ ಯಾಕ್ರೀ ಮೇಡಂ, ಹಂಪಿ ಬಗ್ಗೆ ಕೇಳಿದ್ರ ಒಂದ್ ಕೈ ನೋಡಬಹುದಿತ್ತು" ಎಂದರು. "ಮೆದುಳು ಹಳ್ಳಿ ಹುಡುಗ್ರಿಗೂ ಇರ್ತೈತ್ರೀ ಸರ್" ಎಂದು ಹೇಳಿ ಬಂದೆ. ನಿನ್ನಕ್ಕ ಹಿಡಿದ ಕೆಲಸ ಬಿಡುವವಳಲ್ಲ ಎಂಬುದು ನಿನಗೆ ಹೇಳಬೇಕೇ?

ಆದರೆ ಮೊದಲ ಪಾಠಕ್ಕೇ ಗಾಡಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ನರದಲ್ಲಿ ಏನು ಹರಿಯುತ್ತದೆ ಎಂದು ಕೇಳಿದೆ. ಇಡೀ ತರಗತಿ ಒಂದೇ ಉಸಿರಿಗೆ "ರಕ್ತ ಟೀಚರ್!" ಎಂದಿತು. ಅವರನ್ನೇನು ಬೈಯಲಿ? ಅವ್ವನ ಕಾಲಿನ ಮೇಲೆ ನೀಲಿಯಾಗಿ ಕಾಣುವುದೂ ನರ, ಕುತ್ತಿಗೆ ಹಿಡಿದುಕೊಂಡರೂ ನರ, ಸೂಜಿ ಚುಚ್ಚುವಾಗ ನರ್ಸಮ್ಮನಿಗೆ ಸಿಗದಿರುವುದೂ ನರ. ನಮ್ಮ ಕಡೆ ಎಲ್ಲದಕ್ಕೂ ಅದೊಂದೇ ಮಾತು. ಕೊನೆಗೆ "ರಕ್ತ ಹೊರುವುದು ನಾಳ, ಸುದ್ದಿ ಹೊರುವುದು ನರ" ಎಂದು ಮಗ್ಗಿಯ ಹಾಗೆ ಹೇಳಿಸಿದೆ. ಸುದ್ದಿ ಹೋಗುವುದಕ್ಕೂ ಹೊತ್ತು ಬೇಕೆಂದು ತೋರಿಸಲು ಅಡಿಪಟ್ಟಿಯನ್ನು ಮೇಲಿನಿಂದ ಬಿಟ್ಟು ಹಿಡಿಯಲು ಹೇಳಿದೆ. ಕಣ್ಣು ನೋಡಬೇಕು, ಮೆದುಳಿಗೆ ತಿಳಿಯಬೇಕು, ಕೈಗೆ ಅಪ್ಪಣೆ ಬರಬೇಕು, ಅಷ್ಟರಲ್ಲಿ ಪಟ್ಟಿ ಜಾರಿರುತ್ತದೆ. ಮನೆಯಲ್ಲಿ ಅವ್ವನಿಗೂ ಆಡಿಸಿದೆ. ಮೊದಲ ಸಲಕ್ಕೇ ಹಿಡಿದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಅನುಮಸ್ತಿಷ್ಕದ ಪಾಠ ಬಂತು. ಮಹಾಮಸ್ತಿಷ್ಕದ ಕೆಳಗೆ, ಹಿಂಭಾಗದಲ್ಲಿರುವ ಚಿಕ್ಕ ಮೆದುಳು ಅದು. ಸೈಕಲ್ ತುಳಿಯುವಂತಹ ರೂಢಿಯ ಕೆಲಸಗಳಿಗೆ ಅದರ ಆಸರೆ ಇದೆ. ಉದಾಹರಣೆಗೆ ನೀನೇ ನೆನಪಾದೆ. ಅದಿರು ತುಂಬಿಕೊಂಡು ಬಂದರಿಗೆ ಹೋದದ್ದನ್ನು ದೀಪಾವಳಿಯ ಊಟದಲ್ಲಿ ಹೇಳಿದ್ದೆಯಲ್ಲ: "ಕೊಪ್ಪಳ ದಾಟಿದ್ದೊಂದ ನೆನಪು, ಗದಗ ಬಂದಿದ್ದು ಗೊತ್ತ ಆಗಲಿಲ್ಲಕ್ಕ. ಲಾರಿ ತಾನಾ ಹೋಗಿತ್ತು!" ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. ಅದನ್ನೇ ಮಕ್ಕಳಿಗೆ ಹೇಳಿ, ನೋಡಿ, ನನ್ನ ತಮ್ಮನ ಅನುಮಸ್ತಿಷ್ಕ ಎಷ್ಟು ಪಳಗಿದೆ ಎಂದು ಜಂಬ ಕೊಚ್ಚಿದೆ. ಎಲ್ಲರೂ ನಕ್ಕರು. ಒಂಬತ್ತನೆಯ ತರಗತಿಯ ದೇವಿಕಾ ಮಾತ್ರ ನಗಲಿಲ್ಲ. ಎದ್ದು ನಿಂತು, "ಅದು ಅನುಮಸ್ತಿಷ್ಕ ಅಲ್ಲ ಟೀಚರ್, ನಿದ್ದಿ. ನಮ್ಮಪ್ಪಾನೂ ಹಿಂಗ ಅಂತಿದ್ದ, ಲಾರಿಗೆ ದಾರಿ ಗೊತ್ತೈತಿ ಅಂತ" ಎಂದಳು.

ಅಂತಿದ್ದ ಎಂದಳು, ಲಿಂಗಾ. ಅವಳ ತಂದೆ ಹೋದ ವರ್ಷ ತೀರಿಕೊಂಡದ್ದು ನನಗೆ ಗೊತ್ತಿತ್ತು, ಲಾರಿ ಓಡಿಸುತ್ತಿದ್ದರೆಂದು ಗೊತ್ತಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಹುಡುಗಿ ಹೇಳಿದ್ದು ಸರಿ. ತೀರಾ ದಣಿದ ಮೆದುಳು ಯಾರ ಅಪ್ಪಣೆಯನ್ನೂ ಕೇಳದೆ ಕೆಲವು ಕ್ಷಣ ಮಲಗಿಬಿಡುತ್ತದಂತೆ. ಕೈ ಸ್ಟೀರಿಂಗ್ ಮೇಲೆಯೇ ಇರುತ್ತದೆ, ಕಣ್ಣು ತೆರೆದೇ ಇರಬಹುದು. ಕಣ್ಣು ಸುದ್ದಿ ಕಳಿಸುತ್ತಲೇ ಇರುತ್ತದೆ, ಅತ್ತ ತೆಗೆದುಕೊಳ್ಳುವವರಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. ಮಾರನೆಯ ದಿನ ತರಗತಿಯಲ್ಲಿ ದೇವಿಕಾಳೇ ಸರಿ ಎಂದು ಒಪ್ಪಿಕೊಂಡು, ನಿದ್ದೆಯ ಪಾಠವನ್ನು ಅವಳಿಂದಲೇ ಹೇಳಿಸಿದೆ. ಹೊಸಪೇಟೆಯಲ್ಲಿ ಕೊನೆಯ ಸುತ್ತಿನಲ್ಲಿ ಉತ್ತರ ಕೊಟ್ಟವಳೂ ಅವಳೇ. ಇನ್ನು ಬಳ್ಳಾರಿಯ ಜಿಲ್ಲಾ ಸ್ಪರ್ಧೆ. ಅದನ್ನೂ ಗೆಲ್ಲುತ್ತೇವೆ, ಬರೆದಿಟ್ಟುಕೋ.

ರೊಟ್ಟಿ ಒಬ್ಬನೇ ತಿನ್ನಬೇಡ, ಕ್ಲೀನರ್‌ಗೂ ಕೊಡು. ಅವ್ವ ನಿನ್ನ ನೆತ್ತಿ ಸವರಿದೆನೆಂದು ಬರೆಯಲು ಹೇಳಿದ್ದಾಳೆ. ನೂರು ಕಾಲ ಬಾಳು.

ನಿನ್ನ ಅಕ್ಕ,
ತ್ರಿವೇಣಿ

ತಾ.ಕ.: ಎರ್ರೆಪ್ಪಣ್ಣ ಅವಸರ ಮಾಡುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅವನು ಗಂಟು ಕೊಟ್ಟು ಹೋಗಲು ಬಂದವನಲ್ಲ. ಇವತ್ತಿನಿಂದ ನಿನ್ನ ಲಾರಿಗೆ ಎರಡನೆಯ ಡ್ರೈವರ್. ಸಂಬಳದ ಚಿಂತೆ ನನಗಿರಲಿ. "ಇನ್ನೊಬ್ಬ ಡ್ರೈವರ್ ಯಾಕಕ್ಕ, ನನಗ ನಿದ್ದಿನ ಬರಂಗಿಲ್ಲ" ಎಂಬ ಹಳೇ ರಾಗ ತೆಗೆಯಬೇಡ. ಈಗಲೇ ಕೀಲಿ ಅವನ ಕೈಗೆ ಕೊಡು. ಸೀಟಿನ ಹಿಂದೆ ಕೌದಿ ಹಾಸಿಕೊಂಡು ಕಣ್ಣು ಮುಚ್ಚಿ ಮಲಗು. ಗದಗ ಬಂದಿದ್ದು ಗೊತ್ತೇ ಆಗಲಿಲ್ಲ ಎಂದು ಆಮೇಲೆ ಎಷ್ಟು ಸಲ ಬೇಕಾದರೂ ಹೇಳು, ಎಲ್ಲರಿಗಿಂತ ಮೊದಲು ನಾನೇ ನಗುತ್ತೇನೆ.