ಉಸಿರಿನ ಯಂತ್ರ ನಿಲ್ಲಿಸಿ ನೋಡಿ ಎಂದವರಿಗೆ

ಮಾನ್ಯ ಗ್ರಾಹಕ ಸೇವಾ ಮುಖ್ಯಸ್ಥರೇ,

ನಿಮ್ಮ ಕಂಪನಿಯ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿದೆ, ಸರಿಮಾಡಿ ಕೊಡಿ ಎಂದು ನಾವು ಕೇಳಿದೆವು. ನನ್ನ ಗಂಡ ಉಸಿರಾಡುವ ಯಂತ್ರವನ್ನು ನಿಲ್ಲಿಸಿ ನೋಡಿ ಎಂದು ನೀವು ಹೇಳಿದಿರಿ. ದೂರು ಇಷ್ಟೇ. ಉಳಿದದ್ದನ್ನು ವಿವರವಾಗಿ, ಅದೂ ಪತ್ರಿಕೆಯ ಮೂಲಕ ಬರೆಯುತ್ತಿರುವುದು ನಿಮಗೆ ಓದುವ ಬಿಡುವಿದೆ ಎಂಬ ಭ್ರಮೆಯಿಂದಲ್ಲ. ಇದನ್ನು ಓದುವ ಬೇರೆಯವರ ಮನೆಯಲ್ಲೂ ನಿಮ್ಮ ಆಂಪ್ಲಿಫೈಯರ್ ಇರಬಹುದು, ಅಲ್ಲೂ ಯಾರೋ ಕಷ್ಟಪಟ್ಟು ಉಸಿರಾಡುತ್ತಿರಬಹುದು ಎಂಬ ಭಯದಿಂದ ಬರೆಯುತ್ತಿದ್ದೇನೆ.

ನನ್ನ ಗಂಡ ಮರ್ವಿನ್ ಟ್ರೆಗೆಂಝಾ. ಸೆಮಫೋರ್‌ನಲ್ಲಿ, ಊರಿನ ಕಡಲಂಚಿಗೆ ಹತ್ತಿರ ನಮ್ಮ ಮನೆ. ಹಳೆಯ ಹಡಗುಗಳ ದುರಸ್ತಿ ಕೆಲಸದಲ್ಲಿ ಮೂಗಿಗೆ ಹೊಕ್ಕ ಕಲ್ನಾರಿನ ದೂಳು ಈಗ ಅವನ ಶ್ವಾಸಕೋಶವನ್ನು ತಿನ್ನುತ್ತಿದೆ. ಆಮ್ಲಜನಕದ ಯಂತ್ರವನ್ನು ಹಜಾರದಲ್ಲಿಟ್ಟು, ಅಲ್ಲಿಂದ ಉದ್ದದ ಕೊಳವೆ ಎಳೆದು ಅವನ ಮೂಗಿಗೆ ಹಾಕಿದ್ದಾರೆ. ಉಸಿರು ಬೇಕಾದಷ್ಟಿದ್ದ ಕಾಲದಲ್ಲಿ ಅವನು ಹಿತ್ತಾಳೆ ವಾದ್ಯವೃಂದದಲ್ಲಿ ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ಊದುತ್ತಿದ್ದ. ಆ ವೃಂದ ಒಂದೇ ಒಂದು ರೆಕಾರ್ಡ್ ಮಾಡಿತು. ಅದರಲ್ಲಿ ಒಂದು ಕಡೆ ಎಲ್ಲರೂ ನಿಲ್ಲುತ್ತಾರೆ, ಮರ್ವಿನ್ ಒಬ್ಬನೇ ಊದುತ್ತಾನೆ. ಮೊದಲ ಸ್ವರಕ್ಕೆ ಮುಂಚೆ ಅವನು ಎದೆ ತುಂಬ ಉಸಿರೆಳೆದುಕೊಳ್ಳುವ ಸದ್ದು ಅದರಲ್ಲಿ ಉಳಿದುಬಿಟ್ಟಿದೆ. ಸಾಮಾನ್ಯ ಸೆಟ್ಟಿನಲ್ಲಿ ಅದು ಕೇಳಿಸುವುದಿಲ್ಲ. ನಿಮ್ಮದರಲ್ಲಿ ಕೇಳಿಸುತ್ತಿತ್ತು, ನಾನೇ ಕೇಳಿದ್ದೇನೆ. ಈಗ ಅವನಿಗೆ ಉಳಿದಿರುವ ಒಂದೇ ಆಸೆ ಆ ಉಸಿರನ್ನು ಕೇಳುವುದು. ಬೇರೆ ಯಾವುದನ್ನೂ ಅವನು ಕೇಳಿಲ್ಲ, ನನ್ನಿಂದಲೂ, ಡಾಕ್ಟರಿಂದಲೂ.

ನಿಮ್ಮ ಸಾಮಾನು ಕೊಳ್ಳುವವರು ಒಂದು ವಿಚಿತ್ರ ಜಾತಿ ಎಂದು ನಿಮಗೆ ಗೊತ್ತು. ಆ ಜಾತಿಯಿಂದಲೇ ನಿಮ್ಮ ವ್ಯಾಪಾರ. ಅವರಿಗೆ ಸಂಗೀತ ಕೇಳಿಸಿದರೆ ಸಾಲದು, ಸಂಗೀತದ ಹಿಂದಿನ ಮೌನವೂ ಕೇಳಿಸಬೇಕು. ಅದಕ್ಕಾಗಿ ರೆಕಾರ್ಡ್ ಹಾಕುವ ಮೊದಲು ಫ್ರಿಜ್ ಆಫ್ ಮಾಡುತ್ತಾರೆ. ಫ್ರಿಜ್ಜು ಕರೆಂಟನ್ನು ಕೊಳೆ ಮಾಡುತ್ತದಂತೆ! ಮರ್ವಿನ್ ಒಬ್ಬನದೇ ಹುಚ್ಚಲ್ಲ ಇದು. ಭಾನುವಾರ ಫುಟ್ಬಾಲ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಸೇರುವ ಅವನ ಗೆಳೆಯರೆಲ್ಲರ ಮನೆಯಲ್ಲೂ ಇದೇ ಆಚಾರ. ನಮ್ಮ ಕಡೆ ಕ್ರಿಸ್ಮಸ್ ಬರುವುದು ಬೇಸಿಗೆಯಲ್ಲಿ; ಅಂಥ ಒಂದು ಹಬ್ಬದ ಸೆಕೆಯಲ್ಲಿ, ಜೆಟ್ಟಿಯಲ್ಲಿ ಹಿಡಿದು ತಂದ ಬಕೆಟ್ಟು ತುಂಬ ನೀಲಿ ಏಡಿ ಹೀಗೆಯೇ ಕೊಳೆತು ನಾರಿತು. “ಹಬ್ಬದ ಊಟಕ್ಕೆ ಕಲ್ಲು ಹಾಕಿದೆಯಲ್ಲ ಮಾರಾಯ” ಎಂದು ನಾನು ರೇಗಿದರೆ, “ಏಡಿ ಮುಂದಿನ ವಾರನೂ ಸಿಗುತ್ತೆ ಕಣೆ. ಇವತ್ತು ಕೇಳಿಸ್ತಲ್ಲ, ಅದು ಸಿಗುತ್ತಾ?” ಎಂದ. ಆಗ ನಕ್ಕುಬಿಟ್ಟಿದ್ದೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿತು. ಮೊದಮೊದಲು ಅವನಿಗೆ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅಡುಗೆಮನೆಯಲ್ಲಿ ನಿಂತರೆ ನನಗೂ ಕೇಳಿಸಿತು. ಅವನ ಆ ಉಸಿರು ಅದರಡಿ ಮುಚ್ಚಿಹೋಯಿತು. ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಟೀಗನ್ ಎಂಬ ಸಿಹಿ ದನಿಯ ಹುಡುಗಿ ಸಿಕ್ಕಳು.

“ಚಿಂತೆನೇ ಬೇಡ ಮೇಡಂ, ನಿಮ್ಮದು ಜೀವಾವಧಿ ವಾರಂಟಿ.”

“ಯಾರ ಜೀವ?” ಎಂದೆ, ತಮಾಷೆಗೆ.

“ಕೊಂಡವರದು ಮೇಡಂ. ಅವರು ಇರೋ ತನಕ. ಆಮೇಲೆ ಇನ್ನೊಬ್ಬರ ಹೆಸರಿಗೆ ಬರಲ್ಲ.”

“ನಾನು ಅವನ ಹೆಂಡ್ತಿ ಕಣಮ್ಮ.”

“ಗೊತ್ತು ಮೇಡಂ. ನಿಮ್ಮನ್ನ ಇಲ್ಲಿ ‘ಮನೆಯ ಇತರ ನಿವಾಸಿ’ ಅಂತ ಹಾಕಿದ್ದೀವಿ.”

ನ್ಯಾಯಾಲಯದಲ್ಲಿ ಜೀವಾವಧಿ ಎಂದರೆ ಶಿಕ್ಷೆ. ನಿಮ್ಮಲ್ಲಿ ಅದೇ ಮಾತು ಸೌಲಭ್ಯವೆಂದು ಬಿಕರಿಯಾಗುತ್ತದೆ. ಎರಡರಲ್ಲೂ ಬಿಡುಗಡೆಯ ದಾರಿ ಒಂದೇ ಎಂದು ನನಗೆ ಹೊಳೆದದ್ದು ತಡವಾಗಿ. ಬಿಡಿಭಾಗ ಹಡಗಿನಲ್ಲಿ ಬರುತ್ತಿದೆ ಎಂದಿರಿ. ಬಂದ ಮೇಲೆ, ಬಿಚ್ಚಿ ನೋಡುವವರು ರಜೆಯಲ್ಲಿದ್ದಾರೆ ಎಂದಿರಿ. ಪ್ರತಿ ಸಲ ಫೋನ್ ಎತ್ತಿದಾಗಲೂ ಟೀಗನ್‌ಳ ಮೊದಲ ಪ್ರಶ್ನೆ, “ಮಿಸ್ಟರ್ ಟ್ರೆಗೆಂಝಾ ಇದ್ದಾರಾ ಮೇಡಂ?” ಅವನ ಹತ್ತಿರ ಮಾತಾಡಬೇಕೇನೋ ಎಂದುಕೊಂಡು, ಮಲಗಿದ್ದಾನೆ, ಎಬ್ಬಿಸಲಾ ಎಂದು ಕೇಳುತ್ತಿದ್ದೆ. ಒಂದು ದಿನ ಅವಳೇ ಬಿಡಿಸಿ ಹೇಳಿದಳು. “ಎಬ್ಬಿಸೋದೇನೂ ಬೇಡ ಮೇಡಂ. ಇದ್ದಾರಾ ಅಂತ ಅಷ್ಟೇ.”

ಅಂದಿನಿಂದ ನಿಮ್ಮ ಫೋನು ಬಂದರೆ ಮೊದಲು ಹೋಗಿ ಅವನ ಎದೆ ಏರಿಳಿಯುವುದನ್ನು ನೋಡಿ ಬರುತ್ತೇನೆ. ಮಾನ್ಯರೇ, ನೇರವಾಗಿ ಕೇಳುತ್ತೇನೆ. ಜೀವಾವಧಿ ವಾರಂಟಿಯನ್ನು ನರೆತ ತಲೆಗಳಿಗೇ ಮಾರುವ ಕಂಪನಿಗೆ, ಸುಮ್ಮನೆ ಕೂತು ಕಾಯುವುದಕ್ಕಿಂತ ಲಾಭದ ಕೆಲಸ ಬೇರೇನಿದೆ? ಕಾಯುವುದೇ ನಿಮ್ಮ ಸೇವೆಯೇ? ಇಲ್ಲವೆಂದಾದರೆ, ಮುಂದಿನ ಮಾತುಕತೆಗೆ ಅರ್ಥವೇನು ಹೇಳಿ.

“ಮನೇಲಿ ಬೇರೆ ಏನಾದ್ರೂ ಯಂತ್ರ ಓಡ್ತಿದೆಯಾ ಮೇಡಂ?” ಎಂದು ಟೀಗನ್ ಇನ್ನೊಂದು ದಿನ ಕೇಳಿದಳು. ಆಮ್ಲಜನಕದ್ದು ಹಗಲೂ ರಾತ್ರಿ ಓಡುತ್ತದೆ ಎಂದೆ. “ಹಾಗಾದ್ರೆ ಸದ್ದು ಅದರಿಂದಲೇ ಇರಬಹುದು. ಅದನ್ನ ಆಫ್ ಮಾಡಿ ಒಂದ್ಸಲ ಕೇಳಿ. ಆ ಪರೀಕ್ಷೆ ಆಗೋ ತನಕ ದೂರು ಮುಂದಕ್ಕೆ ಹೋಗಲ್ಲ.”

“ಅದನ್ನ ಆಫ್ ಮಾಡಿದ್ರೆ ಅವನು ಉಸಿರಾಡೋದು ಹೇಗಮ್ಮ?”

ಆ ಕಡೆ ಅವಳು ಕೀಲಿಮಣೆ ಒತ್ತಿ ಏನೋ ಹುಡುಕಿದಳು. ಆಮೇಲೆ, “ನಿಯಮ ಎಲ್ಲರಿಗೂ ಒಂದೇ ಮೇಡಂ” ಎಂದಳು. ನನ್ನ ಫೋನು ಸ್ಪೀಕರಿನಲ್ಲಿತ್ತು. ಮರ್ವಿನ್ ಎಲ್ಲವನ್ನೂ ಕೇಳಿಸಿಕೊಂಡ. ಹಜಾರದ ಕಡೆ ನೋಡಿದ.

ಎರಡು ದಿನ ಕಳೆದು ನಾನು ಹಾಲು, ಬ್ರೆಡ್ಡು ತರಲು ಅಂಗಡಿಗೆ ಹೋದೆ. ಬಂದು ಬಾಗಿಲು ತೆಗೆದರೆ ಮನೆಯಲ್ಲಿ ಸದ್ದೇ ಇಲ್ಲ. ಹಜಾರದ ಯಂತ್ರದ ಬುಸ್ ಬುಸ್ ಇಲ್ಲ, ಫ್ರಿಜ್ಜಿನದೂ ಇಲ್ಲ. ಕೈಯಲ್ಲಿದ್ದ ಹಾಲು ಅಲ್ಲೇ ಬಿತ್ತು. ಮರ್ವಿನ್ ತನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಕರೆಂಟು ಹೋದಾಗ ಬಳಸಲು ಕೊಟ್ಟ ಸಿಲಿಂಡರ್ ಕಾಲ ಬಳಿಯೇ ಇತ್ತು, ಅದನ್ನೂ ಹಾಕಿಕೊಂಡಿರಲಿಲ್ಲ. ಅದು ಸುಂಯ್ ಎನ್ನುತ್ತದೆ, ಪರೀಕ್ಷೆ ಕೆಡುತ್ತದೆ ಎಂದು! ನಾನು ಕೂಗುವಷ್ಟರಲ್ಲಿ ಒಂದು ಬೆರಳೆತ್ತಿ ಸುಮ್ಮನಿರು ಎಂದ. “ಇನ್ನೂ ಇದೆ ಕಣೆ... ಗುಂಯ್ ಅನ್ನೋದು... ಇನ್ನೂ ಇದೆ. ನಮ್ಮ ಯಂತ್ರದ್ದಲ್ಲ... ಅವರದೇ ತಪ್ಪು.” ಅವನ ಮುಖದಲ್ಲಿ ಗೆದ್ದವನ ನಗು ಇತ್ತು.

ಯಂತ್ರ ಹಾಕಿದೆ. ತುಟಿಗೆ ಬಣ್ಣ ಬರುವವರೆಗೂ ಅವನ ಕೈ ಹಿಡಿದು ಕೂತಿದ್ದೆ. ಆಮೇಲೆ ಬಾಯಿಗೆ ಬಂದಂತೆ ಬೈದೆ. “ಸತ್ತೇ ಹೋಗ್ತಿದ್ದೆಯಲ್ಲೋ ಪಾಪಿ.”

“ಸತ್ತಿದ್ರೆ ವಾರಂಟಿನೂ ಹೋಗ್ತಿತ್ತು” ಎಂದು ನಗಲು ಹೋಗಿ ಕೆಮ್ಮಿದ.

ಈ ಫಲಿತಾಂಶವನ್ನು ನಿಮಗೆ ತಿಳಿಸಲು ಮಾರನೆಯ ದಿನ ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. “ಎಷ್ಟು ಹೊತ್ತು ಆಫ್ ಇತ್ತು ಮೇಡಂ?” ಎಂದಳು ಟೀಗನ್. ನಾನು ಹಾಲು ತಂದು ಬರುವಷ್ಟು ಎಂದೆ. “ಸಾಲಲ್ಲ ಮೇಡಂ. ಅರ್ಧ ದಿನವಾದ್ರೂ ಆಫ್ ಇರ್ಬೇಕು. ಆಗಲೇ ಕರೆಂಟು ತಿಳಿಯಾಗೋದು.” ಆಮೇಲೆ ದನಿ ತಗ್ಗಿಸಿ, “ಮಿಸ್ಟರ್ ಟ್ರೆಗೆಂಝಾ ಇದ್ದಾರೆ ತಾನೆ?” ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತುಗಳನ್ನು ಅವಳ ಬಾಯಿಗೆ ತುರುಕಿದವರು ನೀವು.

ಹಿತ್ತಲಿಗೆ ಹೋಗಿದ್ದರಿಂದ ಪ್ರಯೋಜನವಾಗಲಿಲ್ಲ. ನಿಮ್ಮ ಗಿರಾಕಿಗಳ ಕಿವಿ ಎಂಥದೆಂದು ನಿಮಗೆ ಗೊತ್ತೇ ಇದೆ. ಆ ಸಂಜೆ ಮರ್ವಿನ್ ಬಲು ಅಕ್ಕರೆಯಿಂದ ಹೇಳಿದ, “ಮೂಂಟಾಕ್ಕೆ ಹೋಗಿ ಎಷ್ಟು ದಿನ ಆಯ್ತು ನೆರಿ? ನಿನ್ನ ತಂಗಿ ಮನೇಲಿ ಒಂದು ದಿನ ಇದ್ದು ಬಾ.” ನನ್ನ ತಂಗಿಯನ್ನು ಕಂಡರೆ ಅವನಿಗೆ ಮದುವೆಯಾದಾಗಿನಿಂದ ಆಗದು.

ಆದ್ದರಿಂದ ನನ್ನ ಬೇಡಿಕೆ. ಸರಿಯಾದ ಆಂಪ್ಲಿಫೈಯರ್ ಒಂದನ್ನು ಹೊತ್ತು, ನಮ್ಮ ಬಾಗಿಲಿಗೆ ನೀವೇ ಬನ್ನಿ, ಅವನು ಇರುವಾಗಲೇ. ಅವನ ಎದುರು ನಿಂತು, ಪರೀಕ್ಷೆ ಮುಗಿಯಿತು, ತಪ್ಪು ನಮ್ಮದೇ ಎಂದು ನಿಮ್ಮ ಬಾಯಿಂದ ಹೇಳಿ. ನಾನು ಹೇಳಿದರೆ ಅವನು ನಂಬುವುದಿಲ್ಲ, ನಿಮ್ಮ ಕಂಪನಿಯ ಮಾತೇ ಬೇಕು ಅವನಿಗೆ. ಉಸಿರಿನ ಯಂತ್ರ ನಿಲ್ಲಿಸಿ ಎಂದು ಇನ್ನು ಯಾವ ಮನೆಗೂ ಹೇಳಬೇಡಿ. ಈಗಾಗಲೇ ಹೇಳಿದ ಮನೆಗಳಿಗೆ ಇವತ್ತೇ ಫೋನ್ ಮಾಡಿ, ಇದ್ದಾರಾ ಎಂದು ಕೇಳಿ.

ಅಲ್ಲಿಯವರೆಗೆ ನಾನು ಮನೆ ಬಿಟ್ಟು ಕದಲುವುದಿಲ್ಲ. ಹಾಲು ಮುಗಿದಿದೆ, ಕರಿ ಚಹಾ ಕುಡಿಯುತ್ತಿದ್ದೇವೆ. ಹಜಾರದಲ್ಲಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಕೋಣೆಯಿಂದ ಅವನ ದನಿ ಬಂತು, “ನೆರಿ, ನಿದ್ದೆ ಬಂತಾ?”

ಇಲ್ಲ ಎಂದೆ.

“ಸ್ವಲ್ಪ ಮಲಗಬಾರದಾ” ಎಂದ.

ಇಂತಿ,
ಇನ್ನೂ ಎಚ್ಚರವಾಗಿರುವ
ನೆರಿಡಾ ಟ್ರೆಗೆಂಝಾ
ಮನೆಯ ಇತರ ನಿವಾಸಿ