ಸೂಜಿ ಬಂತಾ?

ಏಪ್ರಿಲ್ 5, ಭಾನುವಾರ

ಮೊದಲ ದೋಣಿಗೇ ನಡುಗಡ್ಡೆಗೆ ಹೋದೆ. ಫ್ಲಾಸ್ಕಿನಲ್ಲಿ ಟೀ, ಕೊರಳಲ್ಲಿ ಬೈನಾಕ್ಯುಲರ್, ಜೇಬಿನಲ್ಲಿ ಬನ್ನು. ದೋಣಿಯವನದು ಅದೇ ಪ್ರಶ್ನೆ — "ಏನ್ ಸಾರ್, ನಿಮ್ಮ ನೆಂಟ್ರು ಬಂದ್ರಾ?" ಬರ್ತಾರೆ, ಬರ್ತಾರೆ ಅಂದೆ.

ಬೇರೆಯವರೆಲ್ಲ ಬಂದಿದ್ದಾರೆ. ನೊಣಹಿಡುಕ ಹಕ್ಕಿ ಪಂಪ್‌ಹೌಸ್ ತಂತಿಯ ಮೇಲೆ ಕೂತು ಬಾಲ ಕುಣಿಸುತ್ತಿತ್ತು. ಪೊದೆಯೊಳಗೆ ಯಾವುದೋ ಉಲಿಯಕ್ಕಿಯ ಹರಟೆ. ಸೂಜಿ ಮಾತ್ರ ಇಲ್ಲ. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಸೂಜಿ ಅನ್ನುವುದು ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು. ದನಿ ಅಷ್ಟು ಸಣ್ಣ, ಅಷ್ಟು ಚೂಪು. ಹೆಬ್ಬೆರಳಿನಷ್ಟು ಹಕ್ಕಿ, ಮರದ ನೆತ್ತಿಯಲ್ಲೇ ವಾಸ, ಎಲೆಯದೇ ಬಣ್ಣ. ಕಣ್ಣಿಗೆ ಬೀಳುವುದು ಅಪರೂಪ. ಕಿವಿಗೆ ಬಿದ್ದರೆ ಬಂದಂತೆ ಲೆಕ್ಕ. ನಾನು ಕಿವಿ, ಅಕ್ಕ ಕಣ್ಣು. ನಾನು ದನಿ ಬಂದ ಕಡೆ ಕೈ ತೋರಿಸಬೇಕು, ಅವಳು ಹುಡುಕಬೇಕು. ಇಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ ಅಂತ ಅಮ್ಮ ನಗುತ್ತಿದ್ದಳು.

ಇನ್ನೂ ಮೊದಲ ವಾರ ತಾನೆ. ಗಾಳಿ ಎದುರಿತ್ತೋ ಏನೋ.

ಏಪ್ರಿಲ್ 8

ಬೆಳಿಗ್ಗೆಯಿಂದ ಸಂಜೆಯವರೆಗೆ ಹಲ್ಲು ಉಜ್ಜಿದೆ. ಊರವರ ಕಟ್ಟುಹಲ್ಲು, ಲ್ಯಾಬಿನ ಗ್ರೈಂಡರಿನಲ್ಲಿ. ಅದರ ಕೀರಲು ದನಿಯಲ್ಲೇ ನನ್ನ ಅರ್ಧ ಆಯಸ್ಸು ಹೋಯಿತು.

ಇವತ್ತು ಒಂದು ಸೆಟ್ ಹಾಳು. ಅಚ್ಚನ್ನು ಬಿಸಿನೀರಿಗೆ ಇಳಿಸಿ ಟೈಮರ್ ಇಟ್ಟಿದ್ದೆ. ಸದ್ದೇ ಮಾಡಲಿಲ್ಲ. ನೀರು ಬತ್ತಿ ವಸಡಿನ ತುಂಬ ಗುಳ್ಳೆ. ಪಕ್ಕದ ಮೇಜಿನ ಮೇಣದಮ್ಮ — ಮೇಣದಲ್ಲಿ ಹಲ್ಲು ಕೂರಿಸುವವಳು, ಲ್ಯಾಬಿನಲ್ಲಿ ಎಲ್ಲರೂ ಹಾಗೇ ಕರೆಯುವುದು — ಹೊರಗಿಂದ ಓಡಿ ಬಂದು, "ಆಗ್ಲಿಂದ ಬಡ್ಕೊಳ್ತಾ ಇದೆಯಲ್ರೀ, ಧ್ಯಾನ ಎಲ್ಲಿತ್ತು?" ಅಂದಳು. ಧ್ಯಾನ ಸೂಜಿಯ ಮೇಲೇ ಇತ್ತು, ನಿಜ. ಆದರೂ ಟೈಮರ್ ಕೆಟ್ಟಿದೆ. ಮಾಲೀಕರಿಗೆ ಹೇಳಿದೆ. ಮುಖ ಊದಿಸಿಕೊಂಡು ಹೊಸದು ತರಿಸುತ್ತೇನೆ ಅಂದರು. ಪಾಪ, ಯಾವುದೋ ಅಜ್ಜಿ ಇನ್ನೊಂದು ವಾರ ಬೋಳು ಬಾಯಲ್ಲಿರಬೇಕು.

ಏಪ್ರಿಲ್ 12, ಭಾನುವಾರ

ಇಲ್ಲ.

ಕೆಂಪು ಟೋಪಿ ಸಿಕ್ಕಿದ್ದಳು. ಹೋದ ವರ್ಷದಿಂದ ಹಕ್ಕಿ ನೋಡಲು ಬರುತ್ತಿದ್ದಾಳೆ, ಬ್ಯಾಂಕಿನಲ್ಲಿ ಕೆಲಸವಂತೆ. ಇನ್ನೂ ಕಲಿಯುತ್ತಿದ್ದಾಳೆ. ಇಷ್ಟು ಚಿಕ್ಕ ಜಾಗಕ್ಕೇ ಯಾಕೆ ಬರ್ತಾವೆ ಅಂತ ಕೇಳಿದಳು. ಮೇಷ್ಟ್ರ ಹಾಗೆ ಶುರು ಹಚ್ಚಿಕೊಂಡೆ. ರಾತ್ರಿಯಿಡೀ ಹಾರಿ ಸುಸ್ತಾಗಿರುತ್ತವೆ. ಬೆಳಗಾದಾಗ ನೋಡಿದರೆ ಕೆಳಗೆಲ್ಲ ಸಿಮೆಂಟು. ಎರಡೂ ದಡದಲ್ಲಿ ಊರು, ನದಿಯ ನಡುವೆ ಇದೊಂದು ಹಸಿರು ತುಂಡು. ಇಳಿಯದೆ ಏನು ಮಾಡುತ್ತವೆ? ಎರಡು ದಿನ ಹುಳ ತಿಂದು ಮತ್ತೆ ಉತ್ತರಕ್ಕೆ. ಒಂದು ಗುಂಪು ಹೋದರೆ ಇನ್ನೊಂದು ಗುಂಪು.

ಇಡೀ ವಾರದಲ್ಲಿ ಇಷ್ಟು ಉದ್ದ ಮಾತಾಡಿದ್ದು ಇವತ್ತೇ ಇರಬೇಕು. ಗಂಟಲು ಒಣಗಿತ್ತು.

ಏಪ್ರಿಲ್ 15

ಅಕ್ಕನ ಮಗಳ ಮೆಸೇಜು. "ಮಾಮ, ಸೂಜಿ ಬಂತಾ? ಅಮ್ಮ ಕೇಳು ಅಂದಿಲ್ಲ, ನಾನೇ ಕೇಳ್ತಿದೀನಿ. ಆದ್ರೆ ಈಗೀಗ ಫೋನ್ ಪಕ್ಕದಲ್ಲೇ ಇಟ್ಕೊಂಡು ಮಲಗ್ತಾಳೆ."

ನಮ್ಮಮ್ಮ ತೀರಿಹೋದ ಮೇಲೆ ಅಕ್ಕ ಕರೆದಳು. ಮಹಡಿ ಮೇಲೆ ರೂಮಿದೆ, ಬಂದುಬಿಡು, ಒಬ್ಬನೇ ಏನು ಮಾಡ್ತೀಯ ಅಂತ. ಬರಲ್ಲ ಅಂದೆ. ಕೆಲಸ ಇದೆ, ನಡುಗಡ್ಡೆ ಇದೆ ಅಂದೆ. "ಹಾಗಾದ್ರೆ ಆ ಹಕ್ಕಿಗಳ ಜೊತೇನೇ ಸಂಸಾರ ಮಾಡ್ಕೊಂಡಿರು" ಅಂತ ಫೋನ್ ಇಟ್ಟಳು. ಆಮೇಲೆ ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಂದೇ ಅಚ್ಚಿನ ಹಲ್ಲುಗಳು. ಮುಂದಿನ ವಸಂತದಲ್ಲಿ ಸೂಜಿ ಕೂಗಿದ್ದು ಕೇಳಿ ತಡೆಯಲಾಗಲಿಲ್ಲ. ಮರದ ಕೆಳಗಿಂದಲೇ ಫೋನ್ ಮಾಡಿದೆ. "ಸೂಜಿ ಬಂತು." "ಬಂತಾ?" ಅಷ್ಟೇ. ಅವತ್ತಿನಿಂದ ವರ್ಷಕ್ಕೆ ಅದೊಂದೇ ಫೋನು. ಹಬ್ಬ ಹರಿದಿನ, ಜ್ವರ ನೆಗಡಿ ಯಾವುದಕ್ಕೂ ಇಲ್ಲ.

ಬಂತು ಅಂತ ಒಂದು ಸುಳ್ಳು ಹೇಳಿದರೆ ಮುಗಿಯಿತು. ಆದರೆ ಕೇಳಿಸದೆ ಬಂತು ಅನ್ನಬಾರದು ಅಂತ ಕಿವಿ ಹಿಂಡಿ ಕಲಿಸಿದವಳೇ ಅವಳು. "ಇನ್ನೂ ಇಲ್ಲಮ್ಮ" ಅಂತ ಬರೆದು ಕಳಿಸಿದೆ.

ಏಪ್ರಿಲ್ 19, ಭಾನುವಾರ

ರೇಗಿತು ಇವತ್ತು. ಕೆಂಪು ಟೋಪಿ ಕುಣಿಯುತ್ತಾ ಬಂದು, "ಸಾರ್, ನಿಮ್ಮ ಸೂಜಿ! ಆ ದೊಡ್ಡ ಮರದಲ್ಲಿ! ಈಗ್ಲೂ ಕೂಗ್ತಾ ಇದೆ" ಅಂದಳು. ಉಸಿರು ಬಿಗಿಹಿಡಿದು ನಿಂತೆ. ನೀರಿನ ಸದ್ದು, ದೋಣಿಯ ಎಂಜಿನ್, ಬೇರೇನಿಲ್ಲ. ಎಂಜಿನ್ನಿನ ಬೆಲ್ಟು ಕಿರ್ರ್ ಅಂದಿರಬೇಕು, ಹೊಸಬರಿಗೆ ಹಾಗಾಗುತ್ತೆ ಅಂದೆ. "ಇಲ್ಲ ಸಾರ್, ಈಗ ನೋಡಿ... ಈಗ!" ಅಂತ ಮೇಲೆ ಬೆರಳು ತೋರಿಸಿದಳು. ಸುಮ್ಮನೆ ಅಂದಾಜಿನ ಮೇಲೆ ಹೇಳಬಾರದು ಕಣಮ್ಮ ಅಂತ ಸ್ವಲ್ಪ ಗಡುಸಾಗಿಯೇ ಅಂದೆ. ಮುಖ ಸಣ್ಣಗಾಯಿತು. ಟೋಪಿ ಸರಿ ಮಾಡಿಕೊಂಡು ರೈಲು ಸೇತುವೆ ಕಡೆ ಹೋದಳು.

ಅಷ್ಟು ಜೋರು ಮಾಡಬಾರದಿತ್ತು.

ಹೊಸ ಟೈಮರ್ ಬಂದಿದೆ. ಅದೂ ಕೆಟ್ಟದ್ದೇ. ಈಗಿನ ಸಾಮಾನುಗಳೇ ಹೀಗೆ.

ಏಪ್ರಿಲ್ 26, ಭಾನುವಾರ, ಬೆಳಿಗ್ಗೆ

ದೋಣಿಕಟ್ಟೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಲೆ ಪೂರ್ತಿ ಬಲಿತಿದೆ. ಇನ್ನು ಬರುವುದು ಅನುಮಾನ.

ಈ ವರ್ಷ ಫೋನ್ ಮಾಡಲು ನೆಪವಿಲ್ಲ. ಮುಂದಿನ ವರ್ಷವೂ ಬರದಿದ್ದರೆ? ಈ ಚಿಂತೆ ಹಕ್ಕಿಗಾಗಿ ಅಲ್ಲ, ಬರೆದುಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ. ಅಕ್ಕನ "ಬಂತಾ?" ಕೇಳಬೇಕಿತ್ತು.

ಫೋನ್ ಮಾಡುವ ಧೈರ್ಯ ಬರಲಿಲ್ಲ. ದೊಡ್ಡ ಮರದ ಕೆಳಗೆ ನಿಂತು ವಾಯ್ಸ್ ಮೆಸೇಜ್ ಕಳಿಸಿದೆ. "ಅಕ್ಕಾ, ನಾನು. ನಡುಗಡ್ಡೆಯಿಂದ. ಈ ವರ್ಷ ಸೂಜಿ ಬರ್ಲಿಲ್ಲ ಅಕ್ಕಾ. ಇನ್ನು ಬರೋದೂ ಇಲ್ಲ ಅನ್ಸುತ್ತೆ. ಹೇಳೋಣ ಅಂತ... ಅಷ್ಟೇ."

ಅದೇ ದಿನ, ಸಂಜೆ

ಅಕ್ಕನ ಉತ್ತರ ಬಂತು. ಮೊದಲು ನಗು. ಎಷ್ಟು ವರ್ಷವಾಯಿತು ಆ ನಗು ಕೇಳಿ! ಆಮೇಲೆ — "ಲೋ ಕಳ್ಳ! ತಲೆ ನೆರೆತ್ರೂ ತಮಾಷೆ ಬಿಡ್ಲಿಲ್ಲ ನೀನು. ಬರ್ಲಿಲ್ಲ ಬರ್ಲಿಲ್ಲ ಅಂತ ಅಳ್ತೀಯ, ಹಿಂದೆ ಸೂಜಿ ಚುಚ್ತಾನೇ ಇದೆಯಲ್ಲೋ! ನಿನ್ನ ತಲೆ ಮೇಲೇ ಕೂತಿರ್ಬೇಕು. ಒಂದು ನಿಮಿಷ ನಂಬ್ಬಿಟ್ಟೆ ಕಣೋ, ಹೋಗೋ!"

ನನ್ನ ಮೆಸೇಜನ್ನೇ ಮತ್ತೆ ಹಾಕಿದೆ. ವಾಲ್ಯೂಮ್ ಪೂರ್ತಿ, ಫೋನ್ ಕಿವಿಗೆ ಒತ್ತಿ. ನನ್ನ ದನಿ. ಗಾಳಿ. ಸೇತುವೆಯ ಮೇಲೆ ರೈಲು. ಮತ್ತೆ ಹಾಕಿದೆ. ನನ್ನ ದನಿ, ಗಾಳಿ, ರೈಲು.

ಮತ್ತೆ.

ಏಪ್ರಿಲ್ 27

ಊಟದ ಹೊತ್ತಿಗೆ ಟೈಮರ್ ಕೈಯಲ್ಲಿ ಹಿಡಿದು ಕೂತೆ. ಕೆಂಪು ದೀಪ ಮಿನುಗತೊಡಗಿತು. ಕಿವಿಗಿಟ್ಟುಕೊಂಡೆ. ಏನಿಲ್ಲ. "ಇದು ಈಗ ಕೂಗ್ತಾ ಇದೆಯಾ?" ಅಂತ ಮೇಣದಮ್ಮನನ್ನು ಕೇಳಿದೆ.

"ಕಿವಿ ತೂತಾಗೋ ಹಾಗೆ ಕೂಗ್ತಾ ಇದೆ, ಆರ್ಸಿ ಮೊದ್ಲು" ಅಂದಳು. ಆಮೇಲೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಯಾಕ್ರೀ? ನಿಮಗೆ...?"

ಸುಮ್ಮನೆ ಕೇಳಿದೆ ಅಂದೆ. ಮಧ್ಯಾಹ್ನವೆಲ್ಲ ನನ್ನ ಟೈಮರಿನ ಮೇಲೆ ಅವಳೇ ಕಣ್ಣಿಟ್ಟಿದ್ದಳು.

ಏಪ್ರಿಲ್ 30

ಕಿವಿ ಡಾಕ್ಟರ್. ಗಾಜಿನ ಪೆಟ್ಟಿಗೆಯಂಥ ರೂಮು, ಹೆಡ್‌ಫೋನು, ಸದ್ದು ಕೇಳಿದಾಗ ಬಟನ್ ಒತ್ತಬೇಕು. ಬಹಳ ಹೊತ್ತು ಒತ್ತುವ ಕೆಲಸವೇ ಬರಲಿಲ್ಲ. ಗಾಜಿನಾಚೆ ನರ್ಸು ನನ್ನ ಬೆರಳನ್ನೇ ನೋಡುತ್ತಿದ್ದಳು.

ಡಾಕ್ಟರು ಗ್ರಾಫು ತೋರಿಸಿದರು. ಅರ್ಧದವರೆಗೆ ನೆಟ್ಟಗೆ ಬಂದ ಗೆರೆ, ಆಮೇಲೆ ಬಾವಿಗೆ ಬಿದ್ದ ಹಾಗೆ. "ಗ್ರೈಂಡರ್ ಕೆಲಸ ಅಂದ್ರಲ್ಲ, ಕಿವಿಗೆ ಏನೂ ಹಾಕ್ಕೊಳ್ತಿರ್ಲಿಲ್ವಾ? ಸಣ್ಣ, ಚೂಪು ದನಿ ಹೋಗಿದೆ. ಮಷೀನ್ ಹಾಕಿದ್ರೆ ಟೈಮರ್, ಕಾಲಿಂಗ್ ಬೆಲ್ ಕೇಳ್ಬಹುದು. ಅದಕ್ಕಿಂತ ಚೂಪಿನ ದನಿ ವಾಪಸ್ ಬರಲ್ಲ. ಮಾತು ಚೆನ್ನಾಗಿ ಕೇಳ್ಸುತ್ತಲ್ಲ, ಅದು ಮುಖ್ಯ."

ಮಾತಾಡುವವರು ಯಾರು ಅಂತ ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬಂದೆ. ಬಹಳ ಅಳು ಬಂತು.

ಅಕ್ಕ ಇನ್ನೂ ತಮಾಷೆ ಅಂದುಕೊಂಡಿದ್ದಾಳೆ. ಹಾಗೇ ಇರಲಿ. ನಿಜ ಹೇಳಿದರೆ ಮಹಡಿ ರೂಮು ಮತ್ತೆ ಶುರುವಾಗುತ್ತದೆ. ಪ್ರತಿ ವರ್ಷ ಏಪ್ರಿಲ್ಲಿನಲ್ಲಿ ಒಂದು "ಬಂತು" ಅಂದರಾಯಿತು, ಅವಳಿಗೇನು ಗೊತ್ತಾಗುತ್ತದೆ.

ಛೆ.

ಮೇ 3, ಭಾನುವಾರ

ಹೋಗಬಾರದು ಅಂತಿದ್ದೆ. ಕಾಲು ಕೇಳಲಿಲ್ಲ.

ಕೆಂಪು ಟೋಪಿ ದೂರದಿಂದಲೇ ದಾರಿ ಬದಲಿಸಿದಳು. ಹಿಂದೆ ಹೋಗಿ ನಿಲ್ಲಿಸಿದೆ. "ಅವತ್ತು ನೀವು ಕೇಳಿದ್ದು ಸೂಜೀನೇ. ಬೆಲ್ಟ್ ಅಲ್ಲ. ನನ್ನ ಕಿವಿ ಹೋಗಿದೆ ಕಣಮ್ಮ." ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೊರಗಿನವಳಿಗೆ ಹೇಳುವುದು ಸುಲಭ.

ಅಯ್ಯೋ ಪಾಪ ಅನ್ನಲಿಲ್ಲ, ಪುಣ್ಯಾತ್ಗಿತ್ತಿ. ತಲೆ ಎತ್ತಿ ಕಿವಿಗೊಟ್ಟಳು. ನನ್ನ ತೋಳು ಹಿಡಿದು ದೊಡ್ಡ ಮರದ ಪೂರ್ವದ ಬದಿಗೆ ಕರೆದೊಯ್ದು, "ಆ ಕವಲು. ಅದರ ಎಡಕ್ಕೆ" ಅಂದಳು. ಬೈನಾಕ್ಯುಲರ್ ಎತ್ತಿದೆ. ಎಲೆ, ಎಲೆ, ಎಲೆ. ಒಂದು ಎಲೆ ತಿರುಗಿತು.

ಸೂಜಿ. ಕೊಕ್ಕು ಅಗಲವಾಗಿ ತೆರೆದಿತ್ತು. ಗಂಟಲಿನ ಗರಿ ನಡುಗುತ್ತಿತ್ತು. ಇಡೀ ಮೈ ದನಿಗೆ ಅಲುಗುತ್ತಿತ್ತು. ನನಗೆ ನೀರಿನ ಸದ್ದು ಮಾತ್ರ.

ಟೋಪಿ ಮೆಲ್ಲಗೆ ದೂರ ಹೋದಳು. ಫೋನ್ ತೆಗೆದು ಅಕ್ಕನಿಗೆ ಮಾಡಿದೆ. ಮೆಸೇಜ್ ಅಲ್ಲ, ಫೋನು. ಎತ್ತಿದಳು. ಮಾತಾಡದೆ ಮೇಲಕ್ಕೆ ಹಿಡಿದೆ, ತೋಳು ನೋಯುವವರೆಗೆ. ಆಮೇಲೆ ಕಿವಿಗೆ ತಂದುಕೊಂಡೆ.

"ಕೇಳಿಸ್ತು ಕಣೋ. ಎಷ್ಟು ಚೆನ್ನಾಗಿ ಕೂಗ್ತಿದೆ! ಹತ್ರ ಇದೀಯಾ?"

"ನೋಡ್ತಾ ಇದೀನಿ ಅಕ್ಕಾ. ಆದ್ರೆ ನನಗೆ ಕೇಳ್ಸ್ತಿಲ್ಲ."

"ರೈಲು ಬಂತಾ?"

"ರೈಲಿಲ್ಲ ಅಕ್ಕಾ. ಅವತ್ತೂ ತಮಾಷೆ ಮಾಡಿರ್ಲಿಲ್ಲ. ನನಗೆ ಸೂಜಿ ಕೇಳ್ಸಲ್ಲ. ಇನ್ನು ಯಾವತ್ತೂ."

ಅವಳು ಮೂಗು ಒರೆಸಿಕೊಂಡಿದ್ದು ಕೇಳಿಸಿತು. ಮಹಡಿ ರೂಮಿನ ಮಾತು ಬರುತ್ತದೆ ಅಂತ ಕಾದೆ.

"ನೀನು ಮೇಲೆ ನೋಡು" ಅಂದಳು. "ನಾನು ಹೇಳ್ತೀನಿ. ಫೋನ್ ಸ್ಪೀಕರಿಗೆ ಹಾಕಿ ಎತ್ತಿ ಹಿಡಿ... ಹಾಂ. ಈಗ ಕೂಗ್ತಿದೆ... ಈಗ ನಿಲ್ಲಿಸ್ತು... ಈಗ ಮತ್ತೆ. ಬಾಯಿ ತೆಗೀತಾ?"

"ತೆಗೀತು."

"ಈಗ?"

"ಮುಚ್ಚಿದೆ. ಗರಿ ಕೆದರ್ಕೊಳ್ತಿದೆ."

"ಈಗ ಮತ್ತೆ ಶುರು ಮಾಡ್ತು ನೋಡು..."

ಹಕ್ಕಿ ಹಾರಿಹೋಗುವವರೆಗೂ ಹೀಗೇ. ಹೋಯಿತು ಅಂದೆ. "ಸರಿ ಹಾಗಾದ್ರೆ" ಅಂದಳು. ಇಟ್ಟಳು. ಬೇರೆ ಏನು ಮಾತಾಡುವುದೋ ಇಬ್ಬರಿಗೂ ತೋಚಲಿಲ್ಲ. ಅಭ್ಯಾಸ ತಪ್ಪಿದೆ.

ಮೇ 6

ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಹೋದೆ. ದೋಣಿಯಲ್ಲಿ ನಾನೊಬ್ಬನೇ.

ಮರ ಖಾಲಿ. ಪೂರ್ವದ ಕವಲು, ಪಡುವಣ ಕವಲು, ಪಂಪ್‌ಹೌಸಿನ ಹಿಂದೆ, ಎಲ್ಲ ನೋಡಿದೆ. ಒಂದು ಎಲೆಯೂ ತಿರುಗಲಿಲ್ಲ. ನಿನ್ನೆ ರಾತ್ರಿ ಆಕಾಶ ತಿಳಿಯಾಗಿತ್ತು, ಹೊರಟುಹೋಗಿವೆ. ಇನ್ನು ಮುಂದಿನ ವರ್ಷ.

ಬೆಂಚಿನಲ್ಲಿ ಕೂತೆ. ಟೀ ಕುಡಿದೆ. ಫೋನ್ ತೆಗೆದೆ, ಜೇಬಿಗೆ ಹಾಕಿದೆ, ಮತ್ತೆ ತೆಗೆದೆ.

"ಏನೋ? ಬಂತಾ?"

"ಇಲ್ಲ ಅಕ್ಕಾ. ಎಲ್ಲ ಹೊರಟುಹೋದ್ವು. ಮರ ಖಾಲಿ."

"ಮತ್ತೆ ಯಾಕೋ ಫೋನ್ ಮಾಡ್ದೆ?"

"ಸುಮ್ನೆ."

ಆ ಕಡೆ ಕುರ್ಚಿ ಎಳೆದ ಸದ್ದು. ಅದು ಚೆನ್ನಾಗಿ ಕೇಳಿಸಿತು. ಕೂತಳು. "ಹೇಳು" ಅಂದಳು. ನಾನು ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸಿ, ಮೊದಲು ಮೇಣದಮ್ಮ, ಆಮೇಲೆ ಆ ಹಾಳು ಟೈಮರ್, ಆಮೇಲೆ —